ಎರಡನೇ ಬಿಂದಿಗೆ: ‘ಹೂವಾದ ಹುಡುಗಿ’ಯ ಮರುಹೇಳಿಕೆಗಳನ್ನು ಹೊಸೂರಿನಿಂದ ಓದುವುದು

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ.

ಜನಪದ ಕಥೆಗಳ ಮರುಹೇಳಿಕೆ ಅಂದ ಕೂಡಲೇ ನಮ್ಮ ತರಗತಿಗಳಲ್ಲಿ ಒಂದು ಸಿದ್ಧ ವಾದ ಕೇಳಿಬರುತ್ತದೆ. ಹಳೆಯ ಕಥೆಯ ಹೆಣ್ಣು ಸಹಿಸಿಕೊಳ್ಳುತ್ತಾಳೆ, ಹೊಸ ನಾಟಕ-ಸಿನಿಮಾಗಳ ಹೆಣ್ಣು ಮಾತಾಡುತ್ತಾಳೆ. ಮೌಲ್ಯ ಬದಲಾಯಿತು, ಕಥೆಯೂ ಬದಲಾಯಿತು. ಇದು ಪೂರ್ತಿ ಸುಳ್ಳಲ್ಲ. ತೊಂದರೆ ಏನಂದ್ರೆ, ಮೂಲ ಕಥೆಯನ್ನು ಓದದೆಯೂ ಹೀಗೆ ಹೇಳಿಬಿಡಬಹುದು. ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ‘ಹೂವಾದ ಹುಡುಗಿ’ಯನ್ನು ಓದಿದರೆ ಈ ವಾದ ನಿಲ್ಲುವುದಿಲ್ಲ ಎಂಬುದು ನನ್ನ ನಿಲುವು.

ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಕೂಲಿ ಮಾಡುವ ಮುದುಕಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಹೂವಿನ ಮರವಾಗುತ್ತಾಳೆ. ಅದಕ್ಕೆ ಎರಡು ಬಿಂದಿಗೆ ನೀರು ಬೇಕು, ಉಗುರು ಸೋಕಬಾರದು. ಮೊದಲ ಬಿಂದಿಗೆ ಸುರಿದರೆ ಮರ. ಅಕ್ಕ ಒಂದು ಎಲೆಯೂ ಮುರಿಯದಂತೆ ಹೂ ಬಿಡಿಸಿಕೊಂಡು ಎರಡನೆಯದನ್ನು ಸುರಿದರೆ ಮತ್ತೆ ಹುಡುಗಿ. ಹೂವು ಅರಮನೆಗೆ ಮಾರಾಟವಾಗುತ್ತದೆ, ರಾಜಕುಮಾರ ಗುಟ್ಟು ತಿಳಿದು ಮದುವೆಯಾಗುತ್ತಾನೆ. ಆಮೇಲೆ ಅವನಿಗೂ ಹೂವು ಬೇಕು. ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು ಮರ ಮಾಡಿಸುತ್ತಾಳೆ; ಗೆಳತಿಯರು ಕೊಂಬೆ ಮುರಿದು, ನೀರನ್ನು ಹೇಗೋ ಚೆಲ್ಲಿ ಹೋಗುತ್ತಾರೆ. ಕೈಕಾಲಿಲ್ಲದ ಅರ್ಧ ದೇಹವೊಂದು ಉಳಿಯುತ್ತದೆ. ಬೈರಾಗಿಯಾಗಿ ಅಲೆದ ಗಂಡ ಕೊನೆಗೆ ಅವಳನ್ನು ಕಂಡು, ಮುರಿದದ್ದನ್ನು ಒಂದೊಂದಾಗಿ ಜೋಡಿಸಿ ನೀರು ಸುರಿದಾಗ ಅವಳು ಇಡಿಯಾಗುತ್ತಾಳೆ.

ಇಲ್ಲಿ ಹೆಣ್ಣು ಸುಮ್ಮನೆ ಸಹಿಸುತ್ತಾಳೆ ಅನ್ನುವುದಕ್ಕೆ ಆಧಾರವೆಲ್ಲಿ? ಹೇಗೆ ಮುಟ್ಟಬೇಕು ಎಂಬ ನಿಯಮವನ್ನು ಅವಳೇ ಹೇಳುತ್ತಾಳೆ. ಇದು ಹೆಂಗಸರ ಕಥೆ ಎಂದು ರಾಮಾನುಜನ್ ಓದಿದರು; ಅರಳಿದ ಗಳಿಗೆಯಲ್ಲೇ ಹೆಣ್ಣು ಅತ್ಯಂತ ಅಸಹಾಯಕಳು ಎಂಬುದನ್ನು ತೋರಿಸಿದರು. ನನಗೆ ಕಾಣುವುದು ಇನ್ನೊಂದು ಸಂಗತಿ. ಕಥೆ ಪ್ರತಿಸಲ ಒಂದೇ ಪರೀಕ್ಷೆ ಇಡುತ್ತದೆ: ಹೂವು ಕಿತ್ತುಕೊಂಡಾದ ಮೇಲೆ ಎರಡನೇ ಬಿಂದಿಗೆಯನ್ನು ಯಾರು, ಹೇಗೆ ಸುರಿಯುತ್ತಾರೆ? ಮರುಹೇಳಿಕೆಗಳನ್ನೂ ಇದೇ ಪ್ರಶ್ನೆಯಿಂದ ಅಳೆಯಬಹುದು.

ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ಅಲ್ಲಿ ಹುಡುಗಿಯ ದೇಹ ಕಡಿದುಹೋಗುತ್ತಿರುವ ಕಾಡೇ ಆಗಿಬಿಡುತ್ತದೆ. ಕೊನೆಯಲ್ಲಿ ಅವಳು ಇಡಿಯಾಗಿ ಮರಳುವುದಿಲ್ಲ. ಎರಡನೇ ಬಿಂದಿಗೆ ಇದ್ದರೂ ಜೋಡಿಸಲು ಕೊಂಬೆ ಇಲ್ಲ. ಪರಿಸರದ ಆತಂಕ ಬೆಳೆದ ಕಾಲ ತನ್ನ ಕಣ್ಣಿಗೆ ಬಿದ್ದ ಗಾಯವನ್ನು ಈ ಕಥೆಯೊಳಗೆ ಇಟ್ಟಿತು. ಅದೇ ಕಥೆ 2006ರಲ್ಲಿ ಜಾನ್ ಆಡಮ್ಸ್ ಅವರ ಆಪೆರಾ ಆಗಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡಿತು, ಅದೂ ಮೊಜಾರ್ಟ್‌ನ 250ನೇ ಹುಟ್ಟುವರ್ಷದ ಉತ್ಸವದಲ್ಲಿ. ಅಲ್ಲಿ ಒತ್ತು ಜೋಡಿಯ ಅಗ್ನಿಪರೀಕ್ಷೆ ಮತ್ತು ಪುನರ್ಮಿಲನದ ಮೇಲೆ. ಒಂದು ಮರುಹೇಳಿಕೆ ವಾಸಿಯಾಗುವುದನ್ನೇ ನಂಬುವುದಿಲ್ಲ, ಇನ್ನೊಂದು ಅದನ್ನೇ ಸಂಭ್ರಮಿಸುತ್ತದೆ. ನಡುವೆ ಹದಿನಾಲ್ಕೇ ವರ್ಷ. ಹಾಗಾಗಿ ಮೌಲ್ಯ ನೇರ ಗೆರೆಯಲ್ಲಿ ‘ಮುಂದುವರಿಯುತ್ತದೆ’ ಅನ್ನೋದು ನನಗೆ ಒಪ್ಪಿಗೆಯಾಗುವುದಿಲ್ಲ.

ಈಗ ಹೊಸೂರಿಗೆ ಬರ್ತೀನಿ. ಬಾಗಲೂರು, ಬೇರಿಕೆ ಕಡೆ ಹೋದವರಿಗೆ ಗುಲಾಬಿಯ ಪಾಲಿಹೌಸ್‌ಗಳು ಗೊತ್ತು. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಇಲ್ಲಿಂದ ಹೊರದೇಶಗಳಿಗೂ ಹೂವು ಹೋಗುತ್ತದೆ. ಹೂ ಕೊಯ್ದು, ವಿಂಗಡಿಸಿ, ಕಟ್ಟು ಕಟ್ಟುವವರಲ್ಲಿ ಹೆಂಗಸರೂ ಇದ್ದಾರೆ. ಸಿಪ್ಕಾಟ್ ಕಾರ್ಖಾನೆಗಳಿಗೆ ಬೇರೆ ಜಿಲ್ಲೆಗಳಿಂದ ಬಂದು, ಹಾಸ್ಟೆಲಿನಲ್ಲಿದ್ದು, ಮನೆಗೆ ದುಡ್ಡು ಕಳಿಸುವ ಹುಡುಗಿಯರಿದ್ದಾರೆ. ಈ ನೆಲದಲ್ಲಿ ನಿಂತು ಓದಿದರೆ ಕಥೆಯ ಮೊದಲ ಭಾಗ, ಅಂದರೆ ತಾಯಿಗಾಗಿ ಹೂವಾಗುವುದು, ಬರೀ ಪೀಠಿಕೆಯಾಗಿ ಉಳಿಯುವುದಿಲ್ಲ. ತನ್ನ ದೇಹವನ್ನೇ ದುಡಿಮೆ ಮಾಡಿಕೊಂಡ ಹುಡುಗಿಯ ಕಥೆ ಅದು. ಸಿನಿಮಾದಲ್ಲೂ ಆಪೆರಾದಲ್ಲೂ ಈ ಭಾಗ ಇದೆ. ಆದರೆ ಎರಡೂ ಬೇಗ ದಾಟಿ ಮುಂದೆ ಹೋಗುತ್ತವೆ. ಮೊದಲು ನೀರು ಸುರಿದ ಅಕ್ಕನಂತೂ ಮದುವೆಯಾದ ಮೇಲೆ ಮೂಲ ಕಥೆಯಲ್ಲೇ ಕಾಣೆಯಾಗುತ್ತಾಳೆ. ಹೊಸ ಮರುಹೇಳಿಕೆಗೆ ಜಾಗ ಇರುವುದು ಅಲ್ಲಿ.

ಇನ್ನೊಂದು ಮಾತು. ಕಾರ್ನಾಡರ ‘ನಾಗಮಂಡಲ’ದ ಚೌಕಟ್ಟು ಕೂಡ ರಾಮಾನುಜನ್ ಅವರಿಂದ ಕೇಳಿದ ಕಥೆಯದೇ: ಗೊತ್ತಿದ್ದ ಕಥೆಯನ್ನು, ಹಾಡನ್ನು ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನ ಮೇಲೆ ಅವೇ ಸೇಡು ತೀರಿಸಿಕೊಳ್ಳುತ್ತವೆ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಶಾಲೆಯಲ್ಲಿ ಕನ್ನಡದ ಜಾಗ ಏನು ಎಂಬ ಪ್ರಶ್ನೆ ಗಡಿಯ ನಮ್ಮಂಥವರಿಗೆ ದಿನನಿತ್ಯದ್ದು. ತೆಲುಗು, ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ ಇರುವ ಕಥೆಗಳನ್ನು ಹೇಳದೇ ಹೋದರೆ, ಮೌಲ್ಯ ಬದಲಾಯಿತೋ ಇಲ್ಲವೋ ಅಂತ ಚರ್ಚಿಸಲು ಕಥೆಯೇ ಇರುವುದಿಲ್ಲ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: “ಮಕ್ಕಳಿಗೆ ಹೇಳುವಾಗ ರಾಜಕುಮಾರನ ಮದುವೆಯನ್ನು ತೆಗೆದುಹಾಕಬೇಕೇ?” ನಾನಾದರೆ ತೆಗೆಯುವುದಿಲ್ಲ. ಮದುವೆಯಾದ ಮೇಲೂ ಅವನು ಹೂವು ಕೇಳಿದ ಅನ್ನುವುದನ್ನು ಬಿಡದೆ ಹೇಳುತ್ತೇನೆ. ಅಲ್ಲೇ ನಿಲ್ಲಿಸಿ, “ಈಗ ನೀರು ಯಾರು ಸುರೀಬೇಕು?” ಅಂತ ಮಕ್ಕಳನ್ನೇ ಕೇಳುತ್ತೇನೆ. ಅವರು ಅಕ್ಕನನ್ನು ವಾಪಸ್ ಕರೆಸಿದರೆ ಅದೂ ಒಂದು ಮರುಹೇಳಿಕೆಯೇ. ಮುಂದಿನ ಪ್ರಶ್ನೆ ಇದ್ದರೆ ಕೇಳಿ.