ಬಂಡೆಗೆ ಒಗ್ಗುವ ಗಿಡಗಳು: ರಾವ್ ಜೋಧಾ ಉದ್ಯಾನದ ಸಸ್ಯಗಳ ಆಯ್ಕೆ

ಜೋಧಪುರದ ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ಸುಮಾರು 70 ಹೆಕ್ಟೇರುಗಳಲ್ಲಿ ಹರಡಿರುವ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನವು, ಬಿಸಿಲನ್ನೂ ಬರವನ್ನೂ ತಾಳಬೇಕಾದ ನೆಲಕ್ಕೆ ಗಿಡಗಳನ್ನು ಹೇಗೆ ಆರಿಸಬೇಕೆಂಬ ಪ್ರಶ್ನೆಗೆ ಭಾರತದಲ್ಲಿ ದೊರೆತಿರುವ ಗಂಭೀರ ಉತ್ತರಗಳಲ್ಲಿ ಒಂದು. ಕೋಟೆಯ ವಸ್ತುಸಂಗ್ರಹಾಲಯದ ಟ್ರಸ್ಟು 2006ರಲ್ಲಿ ಆರಂಭಿಸಿದ ಈ ಕೆಲಸ, ಚಲನಚಿತ್ರ ನಿರ್ದೇಶನದಿಂದ ಸಸ್ಯಲೋಕದ ಅಧ್ಯಯನಕ್ಕೆ ಹೊರಳಿದ ಪ್ರದೀಪ್ ಕ್ರಿಷನ್ ಅವರ ಮಾರ್ಗದರ್ಶನದಲ್ಲಿ ರೂಪುಗೊಂಡು, 2011ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು.

ನೆಡುವುದಕ್ಕೆ ಮೊದಲು ಕೀಳುವ ಕೆಲಸವಿತ್ತು. ಕನ್ನಡ ನಾಡಿನಲ್ಲಿ ಬಳ್ಳಾರಿ ಜಾಲಿಯೆಂದು ಕರೆಸಿಕೊಳ್ಳುವ, ಅಮೆರಿಕ ಖಂಡದಿಂದ ಬಂದ ಮುಳ್ಳುಮರವೇ ಇಲ್ಲಿಯೂ ಇಡೀ ಬಂಡೆನೆಲವನ್ನು ಆವರಿಸಿತ್ತು. ಇದನ್ನು ಎಷ್ಟು ಕಡಿದರೂ ನೆಲದೊಳಗಿನ ಬುಡದ ಮೊಗ್ಗುಗಳಿಂದ ಮತ್ತೆ ಚಿಗುರುವುದರಿಂದ, ಆ ಬುಡವನ್ನೇ ಬಂಡೆಯ ಸಂದಿಯಿಂದ ಎಬ್ಬಿಸುವುದು ಅನಿವಾರ್ಯವಾಯಿತು. ಆ ಹೊಣೆ ಹೊತ್ತವರು ಖಂಡ್‌ವಾಲಿಯಾ ಎಂಬ ಕಲ್ಲುಗಣಿ ಕಸುಬಿನವರು. ಸುತ್ತಿಗೆಯ ಪೆಟ್ಟಿಗೆ ಕಲ್ಲು ಕೊಡುವ ಸದ್ದಿನಿಂದಲೇ ಬಿರುಕು ಎಲ್ಲಿದೆಯೆಂದು ಗುರುತಿಸಬಲ್ಲ ಇವರು ಸುಮಾರು ಒಂದೂವರೆ ಅಡಿ ಆಳದವರೆಗೆ ಕೊರೆದು ಬುಡಗಳನ್ನು ತೆಗೆದರು ಮತ್ತು ಹಾಗೆ ಉಳಿದ ಗುಂಡಿಗಳೇ ಹೊಸ ಗಿಡಗಳ ಪಾತಿಗಳಾದವು. ಉದ್ಯಾನದ ಅತ್ಯಂತ ಜಾಣ ನಿರ್ಧಾರ ಇದೇ: ಬೇರಿಗೆ ದಾರಿಯಿದೆಯೆಂದು ಹಳೆಯ ಮರವೇ ತೋರಿಸಿಕೊಟ್ಟ ಜಾಗದಲ್ಲಿ ಹೊಸದು ಬೇರೂರಿತು.

ಎರಡನೆಯ ಗುಣ ಆಯ್ಕೆಯ ಸೂಕ್ಷ್ಮತೆ. ಒಂದು ಪ್ರದೇಶದಲ್ಲಿ ಮನುಷ್ಯನ ನೆರವಿಲ್ಲದೆ ತಾನಾಗಿಯೇ ನೆಲೆಸಿ ಬೆಳೆದುಬಂದ ಸಸ್ಯವನ್ನು ಸ್ಥಳೀಯ ಎನ್ನುವುದು ವಾಡಿಕೆಯಾದರೂ, ಥಾರ್ ಮರುಭೂಮಿಯಂಥ ವಿಶಾಲ ಪ್ರದೇಶದಲ್ಲಿ ಈ ವ್ಯಾಖ್ಯೆ ತೀರ ಸಡಿಲ. ಮರಳುದಿಬ್ಬಕ್ಕೆ ಒಗ್ಗಿದ ಫೋಗ್ ಎಂಬ ಪೊದೆಯೂ ಗುಡ್ಡದ ಕಲ್ಲುಸಂದಿಯಲ್ಲಿ ಬೆಳೆಯುವ ಥೋರ್ ಎಂಬ ಕಳ್ಳಿಯೂ ಒಂದೇ ಮರುಭೂಮಿಯವಾದರೂ ಒಂದರ ನೆಲ ಇನ್ನೊಂದಕ್ಕೆ ಹಿಡಿಸದು. ಕೋಟೆಯ ಸುತ್ತಲಿನದು ಬಹುಪಾಲು ರಯೋಲೈಟ್, ಅಂದರೆ ಪ್ರಾಚೀನ ಜ್ವಾಲಾಮುಖಿಯ ಶಿಲಾರಸ ಆರಿ ಉಂಟಾದ ಗಟ್ಟಿ ಕಲ್ಲು. ಅಲ್ಲಿ ಬದುಕಬಲ್ಲವು ಶಿಲಾವಾಸಿಗಳು, ಎಂದರೆ ಕಲ್ಲಿನ ಬಿರುಕಿನಲ್ಲಿ ಸೇರಿದ ಹಿಡಿ ಮಣ್ಣನ್ನೂ ಒಂದಿಷ್ಟು ತೇವವನ್ನೂ ನೆಚ್ಚಿಕೊಂಡ ಸಸ್ಯಗಳು ಮಾತ್ರ. ಮಳೆ, ಬಿಸಿಲುಗಳ ಲೆಕ್ಕವನ್ನಷ್ಟೇ ನೋಡಿ ಪಟ್ಟಿ ತಯಾರಿಸುವ ತೋಟಗಾರಿಕೆಯ ಕೈಪಿಡಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಹಾಗೆಂದು ಈ ಮಾದರಿ ದೋಷರಹಿತವಲ್ಲ. ಜೋಧಪುರದ ಮಳೆಯ ಬಹುಭಾಗ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದರಿಂದ ಉದ್ಯಾನದ ಹಸಿರೂ ಆ ಅವಧಿಗೇ ಸೀಮಿತವಾಗಿದ್ದು, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ಪೊದೆಗಳು ಹಸಿರನ್ನೇ ಸೌಂದರ್ಯವೆಂದುಕೊಂಡ ನೋಟಕರಿಗೆ ಒಣಗಿದವಾಗಿ ಕಾಣುತ್ತವೆ. ಇದನ್ನು ದೋಷವೆನ್ನದೆ ಸಸ್ಯದ ಬದುಕಿನ ಕ್ರಮವೆನ್ನಬೇಕು. ನಿಜವಾದ ಮಿತಿ ಬೇರೆ: ಥೋರಿನ ಹಾಲು ಕಣ್ಣಿಗೆ ತಗುಲಿದರೆ ತೀವ್ರ ಹಾನಿಯಾಗುವುದರಿಂದ ಮಕ್ಕಳು ಆಡುವ ಅಂಗಳಕ್ಕೆ ಅದು ಸಲ್ಲದು, ಬಂಡೆ ಕೊರೆಯುವ ಕುಶಲಿಗರನ್ನು ದುಡಿಸಿಕೊಳ್ಳುವ ಅನುಕೂಲ ಒಂದು ಟ್ರಸ್ಟಿಗೆ ಇರಬಹುದು, ಮನೆಯೊಡೆಯನಿಗೆ ಇರುವುದಿಲ್ಲ.

ಕರ್ನಾಟಕದ ಬಯಲುಸೀಮೆಯವರು ಈ ಉದ್ಯಾನದಿಂದ ಗಿಡಗಳ ಪಟ್ಟಿಯನ್ನು ಎರವಲು ತರುವುದು ಅದರ ತತ್ತ್ವಕ್ಕೇ ವಿರುದ್ಧ. ಮೆಕ್ಸಿಕೋ ಮೂಲದ ಕತ್ತಾಳೆಗಳನ್ನು ಬಿಳಿ ಹರಳುಗಳ ನಡುವೆ ನೆಟ್ಟು ಬರನಿರೋಧಕ ತೋಟವೆಂದು ಕರೆಯುವ ನಗರದ ರೂಢಿಯಿಂದ ನೀರು ಉಳಿಯುವುದು ನಿಜವಾದರೂ, ತಂಗಡಿಯ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆಯ ಮರಿಹುಳುವಿಗೆ ಅಲ್ಲಿ ಆಹಾರವಿಲ್ಲ. ಬಳ್ಳಾರಿ, ಕೊಪ್ಪಳದ ಗ್ರಾನೈಟ್ ಗುಡ್ಡಗಳ ಬದಿಯ ತೆಳುಮಣ್ಣಿಗೆ ಬಂದರಿಕೆ, ತಂಗಡಿ, ಕಮರದಂಥವು ಯೋಗ್ಯ; ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣಿಗೆ ಕರಿಜಾಲಿ ಹೆಚ್ಚು ಹೊಂದುತ್ತದೆ. ಆದ್ದರಿಂದ ಬಯಲುಸೀಮೆಯಲ್ಲಿ ತೋಟ ಮಾಡಹೊರಟವರು ನರ್ಸರಿಗೆ ಹೋಗುವ ಮೊದಲು ತಮ್ಮ ಊರಿನ ಹತ್ತಿರದ, ತಮ್ಮದೇ ಬಗೆಯ ಮಣ್ಣಿರುವ ಪಾಳುನೆಲದಲ್ಲಿ ಏಪ್ರಿಲ್ ತಿಂಗಳಲ್ಲಿಯೂ ಜೀವ ಹಿಡಿದಿರುವ ಗಿಡಗಳಾವುವೆಂದು ನೋಡಿ, ಬಳ್ಳಾರಿ ಜಾಲಿಯನ್ನು ಬಿಟ್ಟು ಉಳಿದವುಗಳ ಬೀಜವನ್ನು ಸಂಗ್ರಹಿಸಿಕೊಳ್ಳುವುದು ಒಳಿತು.