ಯಾದಗಿರಿ ಸೀಮೆಯಲ್ಲಿ ಸರ್ವರ ಪ್ರವಾಸೋದ್ಯಮ: ಒಂದು ವಿಮರ್ಶೆ

ಸಾರ್ವಜನಿಕ ಪ್ರವಾಸೋದ್ಯಮ ಸಂಸ್ಥೆಯೊಂದು ತಾನು ಎಲ್ಲರಿಗೂ ಸೇರಿದ್ದೆಂದು ಹೇಳಿಕೊಳ್ಳಬೇಕಾದರೆ ಮೂರು ಗುಣಗಳು ಅದರ ದಿನನಿತ್ಯದ ಕಾರ್ಯವಿಧಾನದಲ್ಲಿಯೇ ಬೆರೆತಿರಬೇಕಾಗುತ್ತದೆ. ಜಾತಿ, ಧರ್ಮ, ಲಿಂಗ, ಭಾಷೆಗಳ ಭಿನ್ನತೆ ಸಿಬ್ಬಂದಿಯಲ್ಲಿಯೂ ಸಂಸ್ಥೆ ಹೇಳುವ ಚರಿತ್ರೆಯಲ್ಲಿಯೂ ಕಾಣಿಸಿಕೊಳ್ಳುವುದು ವೈವಿಧ್ಯ. ಹೊರಗುಳಿದವರು ಸವಲತ್ತು ಪಡೆಯುವವರಾಗಿ ಉಳಿಯದೆ ನಿರ್ಧಾರದಲ್ಲಿಯೂ ಪಾಲುಗೊಳ್ಳುವುದು ಒಳಗೊಳ್ಳುವಿಕೆ. ದೇಹಬಲ, ವಯಸ್ಸು, ಓದುಬರಹ, ಹಣ ಇವುಗಳಲ್ಲಿ ಯಾವುದರ ಕೊರತೆಯಿಂದಲೂ ಯಾರೂ ಸ್ಥಳವೊಂದರ ಅನುಭವದಿಂದ ವಂಚಿತರಾಗದಂತೆ ನೋಡಿಕೊಳ್ಳುವುದು ಸುಗಮ್ಯತೆ. ಕರ್ನಾಟಕದಲ್ಲಿ ಈ ಹೊಣೆ ಪ್ರವಾಸೋದ್ಯಮ ಇಲಾಖೆ, 1971ರಲ್ಲಿ ಸ್ಥಾಪನೆಯಾದ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಮತ್ತು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗಳ ನಡುವೆ ಹಂಚಿಹೋಗಿದೆ. ಈ ವ್ಯವಸ್ಥೆಯ ಬಲಾಬಲವನ್ನು ಅಳೆಯಲು ಹೆಸರಾಂತ ಮೈಸೂರು, ಹಂಪಿಗಳಿಗಿಂತ, 2009ರ ಡಿಸೆಂಬರಿನಲ್ಲಿ ಅಂದಿನ ಗುಲಬರ್ಗಾದಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆ, ಅದರಲ್ಲಿಯೂ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆ ಹೆಚ್ಚು ತಕ್ಕ ನೆಲೆಯಾಗಿದೆ.

ಕಾನೂನಿನ ಮಟ್ಟಿಗೆ ಗೊಂದಲಕ್ಕೆ ಎಡೆಯಿಲ್ಲ. ಭಾರತವು 2007ರಲ್ಲಿ ಅನುಮೋದಿಸಿದ ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ವಿಧಿಯು ಪ್ರವಾಸ ಮತ್ತು ಸಾಂಸ್ಕೃತಿಕ ಜೀವನದಲ್ಲಿ ಸಮಾನವಾಗಿ ಪಾಲ್ಗೊಳ್ಳುವುದನ್ನು ಹಕ್ಕಾಗಿ ಪರಿಗಣಿಸಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ನಿಯಮಗಳು ಹೊರಬಿದ್ದ ದಿನದಿಂದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೂ ಸುಗಮ್ಯವಾಗಬೇಕೆಂದು ವಿಧಿಸಿತು. ನಿಯಮಗಳು 2017ರ ಜೂನ್ ತಿಂಗಳಲ್ಲಿ ಬಂದುದರಿಂದ ಆ ಗಡುವು 2022ರಲ್ಲಿಯೇ ಮುಗಿದಿದೆ. ಆ ನಿಯಮಗಳಲ್ಲಿ ಸುಗಮ್ಯತೆಯ ಮಾನದಂಡಗಳು ಕೇವಲ ಶಿಫಾರಸಿನ ಸ್ವರೂಪದಲ್ಲಿದ್ದುದನ್ನು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಒಪ್ಪದೆ, ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಇದಕ್ಕಿಂತಲೂ ಗಮನಾರ್ಹವಾದುದೆಂದರೆ, ಈ ಅಧಿನಿಯಮವು ಅಡೆತಡೆಯನ್ನು ವ್ಯಾಖ್ಯಾನಿಸುವಾಗ ಕಟ್ಟಡದ ಅಡ್ಡಿಯ ಜೊತೆಗೆ ಸಂವಹನ, ಆರ್ಥಿಕತೆ, ಸಂಸ್ಕೃತಿ, ಸಂಸ್ಥೆಯ ಕಾರ್ಯವಿಧಾನ ಮತ್ತು ಮನೋಭಾವಗಳಿಂದ ಹುಟ್ಟುವ ಅಡ್ಡಿಗಳನ್ನೂ ಹೆಸರಿಸಿರುವುದು. ಕಾಯಿದೆಯ ದೃಷ್ಟಿ ಇಷ್ಟು ವಿಶಾಲವಾಗಿರುವಾಗ, ಇಳಿಜಾರು ದಾರಿ, ಗಾಲಿಕುರ್ಚಿ ಮತ್ತು ಪ್ರತ್ಯೇಕ ಶೌಚಾಲಯ ಒದಗಿಸಿದಲ್ಲಿಗೆ ಕೆಲಸ ಮುಗಿಯಿತೆಂಬ ಗುತ್ತಿಗೆ ಕಾಮಗಾರಿಯ ದೃಷ್ಟಿ ತೀರ ಕಿರಿದೆನಿಸುತ್ತದೆ.

ಈ ಕಿರಿದುತನ ಯಾದಗಿರಿಯಲ್ಲಿ ಎದ್ದು ಕಾಣುತ್ತದೆ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. 75ರಷ್ಟಿದ್ದರೆ ಈ ಜಿಲ್ಲೆಯದು ಶೇ. 52ಕ್ಕಿಂತ ತುಸು ಕಡಿಮೆಯಾಗಿ ರಾಜ್ಯದಲ್ಲಿಯೇ ಕೊನೆಯದಾಗಿತ್ತು. ಮಹಿಳೆಯರಲ್ಲಿ ಅದು ಶೇ. 41ರ ಆಸುಪಾಸಿನಲ್ಲಿತ್ತು. ಸ್ಮಾರಕದ ಮುಂದೆ ನೆಟ್ಟ ಫಲಕವನ್ನೇ ಮಾಹಿತಿಯ ಮುಖ್ಯ ಸಾಧನವೆಂದು ನಂಬುವ ಸಂಸ್ಥೆಯು ಇಂಥ ಜಿಲ್ಲೆಯಲ್ಲಿ ಸ್ಥಳೀಯರ ದೊಡ್ಡ ಪಾಲನ್ನು ಅವರ ಊರಿನ ಚರಿತ್ರೆಯಿಂದಲೇ ಹೊರಗಿಟ್ಟಂತಾಗುತ್ತದೆ. ಕನ್ನಡ, ಉರ್ದು, ತೆಲುಗುಗಳಲ್ಲಿ ಕೇಳಿಸುವ ವಿವರಣೆ ದೃಷ್ಟಿಹೀನರಿಗೆ ಹೇಗೆ ಬೇಕೋ ಅಕ್ಷರ ಕಲಿಯುವ ಅವಕಾಶ ಸಿಗದ ಕೂಲಿಕಾರ ಮಹಿಳೆಗೂ ಹಾಗೆಯೇ ಬೇಕು. ಒಂದು ಗುಂಪಿಗೆಂದು ಮಾಡಿದ ಏರ್ಪಾಡು ಎಲ್ಲರಿಗೂ ಒದಗುವಂತೆ ಮೊದಲೇ ಯೋಜಿಸುವುದನ್ನು ಸಾರ್ವತ್ರಿಕ ವಿನ್ಯಾಸವೆಂದು ಕರೆಯುತ್ತಾರೆ.

ಸ್ಥಳಗಳ ಸ್ವಭಾವವೂ ಒಂದೇ ಅಚ್ಚಿನ ಪರಿಹಾರಕ್ಕೆ ಒಗ್ಗುವುದಿಲ್ಲ. ಊರ ನಡುವಿನ ಬೆಟ್ಟದ ಮೇಲಿರುವ ಯಾದಗಿರಿ ಕೋಟೆಗೆ ಮೆಟ್ಟಿಲೇರಿಯೇ ಹೋಗಬೇಕು. ಬಂಡೆಯನ್ನು ಕಡಿದು ದಾರಿ ಮಾಡಿದರೆ ಕೋಟೆಯೇ ಕೆಡುತ್ತದೆ. ಇಲ್ಲಿ ಬೆಟ್ಟದ ಬುಡದಲ್ಲಿಯೇ ಮುಟ್ಟಿ ತಿಳಿಯಬಹುದಾದ ಮಾದರಿಯೊಂದನ್ನು ಇರಿಸಿ, ಬುರುಜು, ಫಿರಂಗಿ, ಗುಡಿ, ಮಸೀದಿಗಳ ಕಥನವನ್ನು ಕೇಳಿಸುವುದು ವಿವೇಕದ ಮಾರ್ಗ. ಇದಕ್ಕೆ ಪ್ರತಿಯಾಗಿ, ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ಏರುವುದಕ್ಕಿಂತ ದೂರದಿಂದ ನೋಡಿದಾಗಲೇ ಅದರ ಸೊಗಸು ತಿಳಿಯುತ್ತದೆ; ನಡೆಯಲಾಗದವರಿಗೂ ಪೂರ್ತಿಯಾಗಿ ದಕ್ಕುವ ಈ ನೋಟಕ್ಕೆ ಬೇಕಿರುವುದು ರಸ್ತೆಬದಿಯಲ್ಲಿ ನೆರಳು, ಸಮತಟ್ಟಾದ ನೆಲ, ಕುಡಿಯುವ ನೀರು ಮತ್ತು ಕೂರಲು ಕಟ್ಟೆ ಮಾತ್ರ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಸೀಮೆಯಲ್ಲಿ ನೆರಳೇ ಸುಗಮ್ಯತೆಯ ಮೊದಲ ಅಂಶವಾಗಬೇಕು.

ಪ್ರವಾಸಿ ಯಾರು ಎಂಬ ಪ್ರಶ್ನೆಯಲ್ಲಿ ಸಂಸ್ಥೆಯ ಧೋರಣೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಗೆ ತೆಲಂಗಾಣ, ಆಂಧ್ರಗಳಿಂದಲೂ ಬರುವವರು, ಕೃಷ್ಣಾ ತೀರದ ತಿಂಥಣಿಯ ಮೌನೇಶ್ವರನಿಗೆ ನಡೆದುಕೊಳ್ಳುವವರು ಈ ಜಿಲ್ಲೆಯ ನಿಜವಾದ ಪ್ರವಾಸಿಗಳು. ಆದರೆ ಪ್ರವಾಸೋದ್ಯಮದ ಯೋಜನೆಗಳು ಸ್ವಂತ ಕಾರಿನಲ್ಲಿ ಬಂದು ಕೋಣೆ ಹಿಡಿಯುವವನನ್ನೇ ಕಣ್ಮುಂದೆ ಇರಿಸಿಕೊಂಡಿರುತ್ತವೆ. ಶಹಾಪುರ, ಸುರಪುರಗಳಿಗೆ ರೈಲಿಲ್ಲದ ಕಾರಣ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸೇ ಬಡವರ ಪ್ರವಾಸದ ಆಧಾರ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆಯು ಪ್ರವಾಸೋದ್ಯಮ ಇಲಾಖೆಯ ಹೊರಗೆ ರೂಪುಗೊಂಡರೂ, ಮಹಿಳೆಯರು ತಾವಾಗಿಯೇ ಊರು ಬಿಟ್ಟು ಊರು ನೋಡುವ ಅವಕಾಶವನ್ನು ಇಲಾಖೆಯ ಯಾವ ಪ್ರಚಾರಕ್ಕಿಂತಲೂ ಹೆಚ್ಚಾಗಿ ವಿಸ್ತರಿಸಿತು. ಆದರೆ ಎತ್ತರದ ಮೆಟ್ಟಿಲಿನ ಬಸ್ಸನ್ನು ಗಾಲಿಕುರ್ಚಿಯವರು ಏರಲಾಗದಿರುವುದರಿಂದ ಆ ವಿಸ್ತಾರಕ್ಕೂ ಅಂಚಿದೆ.

ಚರಿತ್ರೆಯ ನಿರೂಪಣೆಯಲ್ಲಿ ವೈವಿಧ್ಯಕ್ಕೆ ಈ ಸೀಮೆ ಅಪರೂಪದ ಸಾಮಗ್ರಿಯನ್ನು ಒದಗಿಸುತ್ತದೆ. ಸುರಪುರದ ಬೇಡ ನಾಯಕರ ಸಂಸ್ಥಾನ ಮತ್ತು ಬ್ರಿಟಿಷರ ವಿರುದ್ಧ 1858ರಲ್ಲಿ ಬಂಡೆದ್ದ ರಾಜಾ ವೆಂಕಟಪ್ಪ ನಾಯಕ, ಬಿಜಾಪುರದ ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಶಾಹನ ಸಮಾಧಿಯಿರುವ ಗೋಗಿ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ತಿಂಥಣಿ ಮೌನೇಶ್ವರ ಇವೆಲ್ಲ ಒಂದೇ ಜಿಲ್ಲೆಯಲ್ಲಿವೆ. ಆದರೆ ಸುರಪುರದ ಕಥೆಯು ಇಂದಿಗೂ ಬಹುಪಾಲು ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯ ಆತ್ಮಕಥೆಯ ಕಣ್ಣಿನಿಂದ ತಿಳಿಯುತ್ತಿದ್ದು, ಬೇಡ ಸಮುದಾಯದ ಸ್ವಂತ ನೆನಪುಗಳಿಗೂ ಅದರಷ್ಟೇ ಸ್ಥಾನ ಸಿಗಬೇಕಾಗಿದೆ.

ಇಲಾಖೆ ಏನನ್ನೂ ಮಾಡಿಲ್ಲವೆನ್ನುವುದು ನ್ಯಾಯವಲ್ಲ. ಸರ್ಕಾರಿ ಶಾಲೆಯ ಹಿಂದುಳಿದ ವರ್ಗಗಳ ಮಕ್ಕಳಿಗೆ ನಾಡು ತೋರಿಸುವ ಕರ್ನಾಟಕ ದರ್ಶನ, ಪರಿಶಿಷ್ಟ ಜಾತಿ ಮತ್ತು ಪಂಗಡದ ಯುವಕರಿಗೆ ಸಹಾಯಧನದಲ್ಲಿ ಪ್ರವಾಸಿ ಟ್ಯಾಕ್ಸಿ ಇವು ಸಾಮಾಜಿಕ ನ್ಯಾಯದ ಕಾಳಜಿಯಿಂದ ಹುಟ್ಟಿದವು. ಇವುಗಳ ಮಿತಿಯೆಂದರೆ, ಪ್ರತಿಯೊಂದೂ ಫಲಾನುಭವಿಗಳ ಪಟ್ಟಿಯೊಂದಿಗೆ ಆರಂಭವಾಗಿ ಅದರೊಂದಿಗೇ ಮುಗಿಯುತ್ತದೆ. ಟ್ಯಾಕ್ಸಿ ಪಡೆದವನು ಜಿಲ್ಲಾ ಸಮಿತಿಯ ಸಭೆಯಲ್ಲಿ ಕೂರುವುದಿಲ್ಲ.

ಇದನ್ನು ತಿದ್ದಲು ಹೊಸ ಮಂಡಳಿಗಳ ಅಗತ್ಯವಿಲ್ಲ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸ್ವತಃ ವಿಕಲಚೇತನರಾದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ದುಡಿಯುತ್ತಿದ್ದಾರೆ. ಪ್ರವಾಸಿ ತಾಣಗಳ ಸುಗಮ್ಯತೆಯನ್ನು ಪರಿಶೀಲಿಸುವ ಕೆಲಸವನ್ನು ಗೌರವಧನ ಕೊಟ್ಟು ಅವರಿಗೆ ವಹಿಸಿ, ಕಾಮಗಾರಿಯ ಬಿಲ್ ಪಾವತಿಗೆ ಅವರ ಒಪ್ಪಿಗೆಯನ್ನು ಕಡ್ಡಾಯಗೊಳಿಸಬಹುದು. ಸಂವಿಧಾನದ 371ಜೆ ವಿಧಿಯ ಮೂಲಕ ಈ ಭಾಗಕ್ಕೆ ದೊರೆತಿರುವ ಸ್ಥಳೀಯ ಮೀಸಲಾತಿಯನ್ನು ಪ್ರವಾಸೋದ್ಯಮದ ಹುದ್ದೆಗಳಲ್ಲಿ ಪೂರ್ಣವಾಗಿ ಪಾಲಿಸಿ, ಮಾರ್ಗದರ್ಶಿಗಳ ತರಬೇತಿಯಲ್ಲಿ ಸ್ಥಳೀಯ ಮಹಿಳೆಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಜಾಗ ಮಾಡಿಕೊಡಬಹುದು. ಒಟ್ಟಿನಲ್ಲಿ ಕಾಯಿದೆ ಸಾಕಷ್ಟಿದೆ, ಯೋಜನೆಗಳೂ ಇವೆ. ಕೊರತೆಯಿರುವುದು ಅಧಿಕಾರದ ಹಂಚಿಕೆಯಲ್ಲಿ. ಹೊರಗುಳಿದವರಿಗೆ ನಿರ್ಧಾರದಲ್ಲಿ ಮತ್ತು ಸಂಬಳದ ಪಟ್ಟಿಯಲ್ಲಿ ಸ್ಥಾನ ಸಿಗುವವರೆಗೆ ಈ ಸೀಮೆಯ ಪ್ರವಾಸೋದ್ಯಮವನ್ನು ಸಾರ್ವಜನಿಕವೆಂದು ಕರೆಯುವುದು ಅರೆಸತ್ಯವಾಗಿಯೇ ಉಳಿಯುತ್ತದೆ.