ಕೊಂಡಿಯ ಲೆಕ್ಕ

ಇನ್ಫಿನಿಬ್ಯಾಂಡ್ ಜಾಲದಿಂದ ಬೆಸೆದ ಗಣಕಸಮೂಹವೊಂದರ ಯೋಗಕ್ಷೇಮವನ್ನು ವಿಚಾರಿಸತಕ್ಕವನು ಲಿನಕ್ಸ್ ಯಂತ್ರದ ಮುಂದೆ ಕುಳಿತು ಮೊದಲು ಕೊಡುವ ಆಜ್ಞೆ ಪ್ರಾಯಶಃ ‘ಐಬಿಸ್ಟ್ಯಾಟ್’ ಎಂಬುದು. ಅದಕ್ಕೆ ಉತ್ತರವಾಗಿ ಪೋರ್ಟಿನ ಸ್ಥಿತಿ ‘ಆಕ್ಟಿವ್’ ಎಂದೂ, ಭೌತಿಕ ಸ್ಥಿತಿ ‘ಲಿಂಕ್‌ಅಪ್’ ಎಂದೂ, ವೇಗ 100 ಎಂದೂ ಪರದೆಯ ಮೇಲೆ ಮೂಡಿತೆಂದರೆ ಬಹುಮಂದಿ ಸಂತುಷ್ಟರಾಗಿ ಎದ್ದುಬಿಡುತ್ತಾರೆ. ನನಗಾದರೋ ಈ ವಿದ್ಯೆಯ ಸ್ವಾರಸ್ಯ ಆರಂಭವಾಗುವುದೇ ಅವರು ಎದ್ದುಹೋದ ಮೇಲೆ. ಆ ಪೋರ್ಟು ಈ ಕ್ಷಣದಲ್ಲಿ ಮಾತನಾಡಬಲ್ಲದು ಎಂಬಷ್ಟನ್ನು ಮಾತ್ರ ಆ ಪದ ಹೇಳುತ್ತದೆ. ನಿನ್ನೆ ರಾತ್ರಿ ಅದು ಎಷ್ಟು ಸಲ ತೊದಲಿತು, ಎಷ್ಟು ಸಲ ಪ್ರಜ್ಞೆ ತಪ್ಪಿ ಎದ್ದಿತು, ಹೇಳಬೇಕಾದದ್ದು ಕೈಯಲ್ಲಿದ್ದರೂ ಹೇಳಲಾಗದೆ ಎಷ್ಟು ಹೊತ್ತು ಕಾದಿತು ಎಂಬ ವೃತ್ತಾಂತವೆಲ್ಲ ಇರುವುದು ಕಾರ್ಡು ಎಣಿಸಿ ಡ್ರೈವರ್ ತೆರೆದಿಡುವ ಕೌಂಟರುಗಳಲ್ಲಿ.

ಬೇರೆ ಜಾಲಗಳಿಗಿಂತ ಇಲ್ಲಿ ಕೌಂಟರುಗಳಿಗೆ ಇಷ್ಟೊಂದು ಮಾನ ಸಲ್ಲಬೇಕಾದದ್ದೇಕೆಂಬುದಕ್ಕೆ ಕಾರಣ ಈ ಡ್ರೈವರಿನ ಸ್ವಭಾವದಲ್ಲಿಯೇ ಇದೆ. ಸಾಧಾರಣವಾದ ಈಥರ್ನೆಟ್ ಕಾರ್ಡಿನಲ್ಲಿ ಪ್ರತಿಯೊಂದು ಪ್ಯಾಕೆಟ್ಟೂ ಕರ್ನೆಲಿನ ಕೈಹಾದು ಹೋಗುವುದರಿಂದ, ಬಂದದ್ದೆಷ್ಟು ಹೋದದ್ದೆಷ್ಟು ಎಂಬುದಕ್ಕೆ ಕರ್ನೆಲೇ ಸಾಕ್ಷಿ. ಇನ್ಫಿನಿಬ್ಯಾಂಡಿನಲ್ಲಿ ಹಾಗಿಲ್ಲ. ‘ಎಂಎಲ್‌ಎಕ್ಸ್5 ಕೋರ್’ ಎಂಬ ಮಾಡ್ಯೂಲು ಕಾರ್ಡನ್ನು ಎಬ್ಬಿಸುತ್ತದೆ. ‘ಎಂಎಲ್‌ಎಕ್ಸ್5 ಐಬಿ’ ಅದಕ್ಕೆ ಇನ್ಫಿನಿಬ್ಯಾಂಡಿನ ವೇಷ ತೊಡಿಸುತ್ತದೆ. ‘ಐಬಿ ಯೂವರ್ಬ್ಸ್’ ಬಳಕೆದಾರನ ಪ್ರೋಗ್ರಾಮಿಗೆ ಬಾಗಿಲು ತೆರೆದು, ಮೆಮೊರಿಯ ಪುಟಗಳನ್ನು ನೋಂದಾಯಿಸಿ, ಸಾಲುಗಳನ್ನು ಏರ್ಪಡಿಸಿಕೊಟ್ಟು, ಆಮೇಲೆ ವಿನಯದಿಂದ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಪ್ರೋಗ್ರಾಮಿಗೂ ಕಾರ್ಡಿಗೂ ನೇರ ವ್ಯವಹಾರ. ಸಂದೇಶವೊಂದು ಒಂದು ಯಂತ್ರದಿಂದ ಇನ್ನೊಂದನ್ನು ಸುಮಾರು ಒಂದು ಮೈಕ್ರೊಸೆಕೆಂಡಿನಲ್ಲಿ ತಲಪುವುದು ಈ ಮಧ್ಯವರ್ತಿಯ ನಿರ್ಗಮನದ ಫಲವೇ. ಆದರೆ ಪಕ್ಕಕ್ಕೆ ಸರಿದು ನಿಂತವನು ವ್ಯವಹಾರದ ಸಾಕ್ಷಿಯಾಗಲಾರನಷ್ಟೆ. ಆದಕಾರಣ, ಕರ್ನೆಲಿನ ಮುಖಾಂತರ ನೋಡುವ ನಮ್ಮ ಪರಿಚಿತ ಉಪಕರಣಗಳಿಗೆ ‘ಐಪಿ ಓವರ್ ಇನ್ಫಿನಿಬ್ಯಾಂಡ್’ ಎಂಬ ತೆಳು ಹೊಳೆಯೊಂದು ಕಾಣಿಸೀತೇ ಹೊರತು ಅದರ ಪಕ್ಕದಲ್ಲಿ ಭೋರ್ಗರೆದು ಹರಿಯುತ್ತಿರುವ ಮಹಾಪ್ರವಾಹ ಕಾಣಿಸದು.

ಇದರ ಪೂರ್ವೋತ್ತರ ಸ್ವಲ್ಪ ಹೇಳಿ ಮುಂದುವರಿಯುತ್ತೇನೆ. 1999ರಲ್ಲಿ ಎರಡು ಪ್ರತಿಸ್ಪರ್ಧಿ ಯೋಜನೆಗಳು ಕೂಡಿಕೊಂಡು ಹುಟ್ಟಿದ ಇನ್ಫಿನಿಬ್ಯಾಂಡಿನ ಮೊದಲ ಹಂಬಲ ಗಣಕದೊಳಗಿನ ಪಿಸಿಐ ಬಸ್ಸನ್ನೇ ಪದಚ್ಯುತಗೊಳಿಸುವುದಾಗಿತ್ತು. ಆ ಮಹತ್ವಾಕಾಂಕ್ಷೆ ನೆರವೇರಲಿಲ್ಲ. 2002ರಲ್ಲಿ ಇಂಟೆಲ್ ತನ್ನ ಇನ್ಫಿನಿಬ್ಯಾಂಡ್ ಚಿಪ್ಪುಗಳ ಯೋಜನೆಯನ್ನು ಕೈಬಿಟ್ಟಿತು. ಮರುವರ್ಷವೇ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಆಪಲ್ ಕಂಪೆನಿಯ 1100 ಮೇಜುಗಣಕಗಳನ್ನು ಇದೇ ಜಾಲದಿಂದ ಹೆಣೆದು ಜಗತ್ತಿನ ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನವನ್ನು ಪಡೆದರು. 2005ರಲ್ಲಿ ಕರ್ನೆಲಿನ 2.6.11ನೆಯ ಆವೃತ್ತಿಯೊಡನೆ ಡ್ರೈವರುಗಳು ಲಿನಕ್ಸಿನ ಮನೆಯೊಳಕ್ಕೆ ಸೇರಿಕೊಂಡವು. ನಮ್ಮ ಬೆಂಗಳೂರು ಈ ಅಂತರಸಂಪರ್ಕಗಳ ಮೂರು ಬೇರೆ ಬೇರೆ ಕುಲಗಳನ್ನು ಕಂಡ ಊರು: 2003ರ ಪಟ್ಟಿಯಲ್ಲಿ 171ನೆಯದಾಗಿ ನಿಂತ ಸಿ-ಡ್ಯಾಕ್ ಸಂಸ್ಥೆಯ ಪರಮ್ ಪದ್ಮದಲ್ಲಿ ಸ್ವದೇಶದಲ್ಲೇ ರೂಪುಗೊಂಡ ಪರಮ್‌ನೆಟ್ ಇತ್ತು, 2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸಹಸ್ರಟಿ ಯಂತ್ರದಲ್ಲಿ ಕ್ರೇ ಕಂಪೆನಿಯ ಏರೀಸ್, 2022ರಲ್ಲಿ ಅಲ್ಲೇ ಸ್ಥಾಪಿತವಾದ ಪರಮ್ ಪ್ರವೇಗದಲ್ಲಿ ಇನ್ಫಿನಿಬ್ಯಾಂಡ್. 

ಕಾರ್ಯಕ್ಕೆ ಸಜ್ಜುಗೊಳಿಸುವ ವಿಷಯದಲ್ಲಿ ನನ್ನ ಆದರ ಕೆಲವೇ ಅಂಶಗಳಿಗೆ ಸೀಮಿತವಾದದ್ದು. ಮೊದಲನೆಯದು ಸಬ್‌ನೆಟ್ ಮ್ಯಾನೇಜರ್. ಕೇಬಲ್ ಸರಿಯಾಗಿ ಕೂತು, ಭೌತಿಕ ಸ್ಥಿತಿ ‘ಲಿಂಕ್‌ಅಪ್’ ಎಂದು ತೋರುತ್ತಿದ್ದರೂ ಪೋರ್ಟಿನ ಸ್ಥಿತಿ ‘ಇನಿಷಿಯಲೈಸಿಂಗ್’ ಎಂಬಲ್ಲಿಯೇ ನಿಂತಿತೆಂದರೆ ಡ್ರೈವರನ್ನು ದೂರಿ ಫಲವಿಲ್ಲ: ವಿಳಾಸ ಹಂಚುವ, ದಾರಿ ಹಾಕಿಕೊಡುವ ಯಜಮಾನನೇ ಆ ಜಾಲದಲ್ಲಿ ಎಚ್ಚರವಾಗಿಲ್ಲ ಎಂದು ತಿಳಿಯತಕ್ಕದ್ದು. ‘ಓಪನ್‌ಎಸ್‌ಎಂ’ ಎಂಬ ಈ ಯಜಮಾನ ತನ್ನ ಪೂರ್ವನಿಯತ ಪದ್ಧತಿಯಂತೆ 10 ಸೆಕೆಂಡಿಗೊಮ್ಮೆ ಜಾಲವನ್ನು ಸುತ್ತಿಬರುತ್ತಾನೆ. ಒಬ್ಬ ಮಡಿದರೆ ಇನ್ನೊಬ್ಬನಿರಲೆಂದು ಇಬ್ಬರನ್ನು ನೇಮಿಸುವುದು ರೂಢಿ. ಆದರೆ ಯಾವ ಯಂತ್ರ ಜಾಲದ ಯಾವ ವಿಭಾಗಕ್ಕೆ ಸೇರಿದ್ದೆಂದು ಹೇಳುವ, ಇಬ್ಬರ ಕೈಯಲ್ಲಿರುವ ವಿಭಾಗಪಟ್ಟಿಗಳೂ ಅಕ್ಷರಶಃ ಒಂದೇ ಆಗಿರಬೇಕೆಂಬ ಎಚ್ಚರ ತಪ್ಪಿದಲ್ಲಿ, ಎರಡನೆಯವನು ಅಧಿಕಾರಕ್ಕೆ ಬಂದ ರಾತ್ರಿ ಜಾಲದ ಒಂದು ಭಾಗ ಯಾವ ದೋಷವನ್ನೂ ತೋರದೆ ಅದೃಶ್ಯವಾಗುತ್ತದೆ.

ಎರಡನೆಯದು ಮೆಮೊರಿಯನ್ನು ಬಂಧಿಸಿಡುವ ಹಕ್ಕು. ಕಾರ್ಡು ನೇರವಾಗಿ ಓದಿ ಬರೆಯುವ ಪುಟಗಳನ್ನು ಕರ್ನೆಲ್ ಅಲುಗಿಸಬಾರದು. ಹಾಗೆ ಕಟ್ಟಿಹಾಕಬಹುದಾದ ಮೆಮೊರಿಗೆ ಲಿನಕ್ಸಿನಲ್ಲಿ ಬಹುಕಾಲ ಇದ್ದ ಮಿತಿ ಬರಿಯ 64 ಕಿಲೋಬೈಟ್. ಮಿತಿಗಳ ಕಡತದಲ್ಲಿ ಅದನ್ನು ಸಡಿಲಿಸಿದವನು, ತಾನು ಲಾಗಿನ್ ಆಗಿ ಕೈಯಾರೆ ಓಡಿಸಿದಾಗ ಸರಾಗವಾಗಿ ನಡೆಯುವ ಪ್ರೋಗ್ರಾಮು ಸರದಿಯ ಮೂಲಕ ಕಳಿಸಿದಾಗ ಮಾತ್ರ ಮೆಮೊರಿ ಸಾಲದೆಂದು ಬೀಳುವುದನ್ನು ಕಂಡು ಬೆರಗಾಗುತ್ತಾನೆ. ಆ ಕಡತವನ್ನು ಓದುವುದು ಲಾಗಿನ್ ಆಗುವವರ ಪಾಲಿಗೆ. ಯಂತ್ರ ಎದ್ದಾಗಲೇ ‘ಸಿಸ್ಟಂಡಿ’ಯಿಂದ ಹುಟ್ಟಿದ ಕೆಲಸಹಂಚುವ ಸೇವಕ ಆ ಬಾಗಿಲಿನಿಂದ ಬಂದವನೇ ಅಲ್ಲ. ಅವನಿಗೆ ಬೇರೆಯಾಗಿಯೇ, ಅವನ ಸೇವಾಕಡತದಲ್ಲಿಯೇ, ಅನುಮತಿ ಬರೆದುಕೊಡಬೇಕು.

ಮೂರನೆಯದು ಕಾರ್ಡು ಕೂತ ಪೀಠ. ಸೆಕೆಂಡಿಗೆ 100 ಗಿಗಾಬಿಟ್ಟಿನ ಕಾರ್ಡನ್ನು ಮೂರನೆಯ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ಸಿನ ಎಂಟೇ ಪಥಗಳ ಸ್ಲಾಟಿಗೆ ತುರುಕಿದರೂ ‘ಐಬಿಸ್ಟ್ಯಾಟ್’ ನಿರ್ವಿಕಾರವಾಗಿ 100 ಎಂದೇ ಹೇಳುತ್ತದೆ, ಏಕೆಂದರೆ ಅದು ಹೇಳುವುದು ಕೇಬಲಿನ ವೇಗವನ್ನು, ಒಳದಾರಿಯ ವೇಗವನ್ನಲ್ಲ. ಪುಣ್ಯಕ್ಕೆ ಇತ್ತೀಚಿನ ಕರ್ನೆಲುಗಳಲ್ಲಿ ಡ್ರೈವರು ಎದ್ದೇಳುವಾಗಲೇ, ಲಭ್ಯವಿರುವುದು 63.008 ಗಿಗಾಬಿಟ್ ಎಂದು ದಶಾಂಶದ ಮೂರನೆಯ ಸ್ಥಾನದವರೆಗೆ ಲೆಕ್ಕಹಾಕಿ ‘ಡಿಮೆಸೇಜ್’ ದಾಖಲೆಯಲ್ಲಿ ಬರೆದಿಡುತ್ತದೆ. ಓದುವವರು ವಿರಳ.

ಇನ್ನು ಕೌಂಟರುಗಳು. ‘ಸಿಸ್’ ಎಂಬ ಕಡತವೃಕ್ಷದಲ್ಲಿ ಪ್ರತಿಯೊಂದು ಪೋರ್ಟಿನ ಕೆಳಗೂ ಒಂದೊಂದು ಎಣಿಕೆಗೆ ಒಂದೊಂದು ಕಡತದಂತೆ ಅವನ್ನು ಡ್ರೈವರ್ ಜೋಡಿಸಿರುತ್ತದೆ; ‘ಪರ್ಫ್‌ಕ್ವೆರಿ’ ಎಂಬ ಉಪಕರಣದಿಂದಲಾದರೆ ಕುಳಿತಲ್ಲಿಂದಲೇ ದೂರದ ಸ್ವಿಚ್ಚಿನ ಪೋರ್ಟುಗಳನ್ನೂ ಕೇಳಬಹುದು. ಹೊಸಬರು ಮೊದಲು ಅರಿಯಬೇಕಾದ ವಿಲಕ್ಷಣವೆಂದರೆ, ದತ್ತಾಂಶದ ಎಣಿಕೆ ಬೈಟುಗಳಲ್ಲಿಲ್ಲ, ನಾಲ್ಕು ಬೈಟುಗಳ ಪದಗಳಲ್ಲಿದೆ ಎಂಬುದು. ಅದಕ್ಕಿಂತ ವಿಲಕ್ಷಣವಾದದ್ದು, ಹಳೆಯ 32 ಬಿಟ್ಟಿನ ಕೌಂಟರು ತುಂಬಿದ ಮೇಲೆ ಮತ್ತೆ ಸೊನ್ನೆಗೆ ತಿರುಗದೆ ತುದಿಯಲ್ಲಿಯೇ ನಿಂತುಬಿಡುತ್ತದೆ ಎಂಬುದು. ಪೂರ್ಣವೇಗದಲ್ಲಿ ಓಡುವ, ಕ್ಯೂಡಿಆರ್ ಎಂಬ ಹಿಂದಿನ ತಲೆಮಾರಿನ ಕೊಂಡಿಯಲ್ಲಿ ಅದು ತುಂಬಲು ನಾಲ್ಕೂಕಾಲು ಸೆಕೆಂಡು ಸಾಕು. 100 ಗಿಗಾಬಿಟ್ಟಿನ ಇಡಿಆರ್ ಕೊಂಡಿಗೆ ಒಂದೂವರೆ ಸೆಕೆಂಡೂ ಬೇಡ. ಗಂಟೆಗೊಮ್ಮೆ ಈ ಕೌಂಟರನ್ನು ಓದಿ ನಕ್ಷೆ ಬರೆದು ಗೋಡೆಗೆ ತೂಗುಹಾಕಿದವರು ಉಂಟು. ಆ ನಕ್ಷೆಯ ಸಮತಲರೇಖೆಯಷ್ಟು ಪ್ರಶಾಂತವಾದದ್ದು ಬೇರೊಂದಿರಲಾರದು. ವಿಸ್ತೃತವಾದ 64 ಬಿಟ್ಟಿನ ಕೌಂಟರುಗಳು ಇರುವಾಗ ಹಳೆಯವನ್ನು ಮುಟ್ಟತಕ್ಕದ್ದಲ್ಲ.

ದೋಷಗಳ ಕೌಂಟರುಗಳು ಇನ್ನೂ ಸಂಕುಚಿತ: ಕೊಂಡಿ ಕಡಿದುಬಿದ್ದ ಲೆಕ್ಕ 8 ಬಿಟ್ಟಿನದು, ಎಂದರೆ 255ಕ್ಕೆ ಮುಗಿಯಿತು, ಚಿಹ್ನಾದೋಷದ ಲೆಕ್ಕ 65,535ಕ್ಕೆ. ಇವುಗಳಲ್ಲಿ ಮೊತ್ತಕ್ಕೆ ಬೆಲೆಯಿಲ್ಲ, ಏರಿಕೆಗೆ ಬೆಲೆ. ಸ್ವಿಚ್ಚಿನ ಪೋರ್ಟೊಂದು ಮೂವತ್ತು ಸಲ ಕೊಂಡಿ ಕಡಿಯಿತೆಂದು ಹೇಳಿದರೆ, ಆಚೆ ತುದಿಯ ಯಂತ್ರವನ್ನು ಯಾರೋ ಮೂವತ್ತು ಸಲ ಮರುಚಾಲನೆ ಮಾಡಿದ ನಿರ್ದೋಷ ಇತಿಹಾಸವೂ ಅದಾಗಿರಬಹುದು. ಯಂತ್ರ ನಿಶ್ಚಲವಾಗಿದ್ದ ರಾತ್ರಿಯಲ್ಲಿ ಎರಡೇ ಸಲ ಕಡಿದಿದ್ದರೂ ಅದು ಕೇಬಲನ್ನು ಶಂಕಿಸಲು ಸಾಕು. ಲಕ್ಷ ಕೋಟಿ ಬಿಟ್ಟುಗಳಿಗೆ ಒಂದು ದೋಷ ಎಂಬ ಪ್ರಮಾಣದ ತನಕ ಸೈರಣೆಯುಂಟೆಂದು ಇಟ್ಟುಕೊಂಡರೆ 40 ಗಿಗಾಬಿಟ್ಟಿನ ಕೊಂಡಿ 25 ಸೆಕೆಂಡಿಗೊಮ್ಮೆ ತಪ್ಪಬಹುದು. ಅದಕ್ಕೆ ಮೀರಿದ್ದು ರೋಗ.

ಇಲ್ಲಿ ನಿರಪರಾಧಿಯನ್ನು ದಂಡಿಸುವ ಅಪಾಯವೂ ಇದೆ. ಸ್ವಿಚ್ಚು ಪ್ಯಾಕೆಟ್ಟಿನ ಬಾಲ ಬರುವ ಮೊದಲೇ ತಲೆಯನ್ನು ಮುಂದಕ್ಕೆ ಕಳಿಸುತ್ತಿರುತ್ತದೆಯಾದ್ದರಿಂದ, ಕೆಟ್ಟದ್ದು ಗೊತ್ತಾಗುವ ವೇಳೆಗೆ ಅದನ್ನು ತಡೆಯಲಾಗದೆ, ‘ಇದು ಕೆಟ್ಟಿದೆ’ ಎಂಬ ಗುರುತನ್ನು ಬಾಲಕ್ಕೆ ಹಚ್ಚಿ ಸಾಗಹಾಕುತ್ತದೆ. ಅಂಥದ್ದನ್ನು ಪಡೆದ ಪೋರ್ಟು ಅದನ್ನು ‘ರಿಮೋಟ್ ಫಿಸಿಕಲ್ ಎರರ್’ ಎಂಬ ಪ್ರತ್ಯೇಕ ಖಾತೆಯಲ್ಲಿ ಬರೆದುಕೊಳ್ಳುತ್ತದೆ. ಈ ಖಾತೆ ಏರುತ್ತಿರುವ ಪೋರ್ಟಿನ ಕೇಬಲನ್ನು ಕೀಳುವುದು ಅವಿವೇಕ. ಪ್ರವಾಹದ ಎದುರಾಗಿ ಒಂದೊಂದೇ ಮೆಟ್ಟಿಲು ಹತ್ತಿಹೋಗಿ, ಚಿಹ್ನಾದೋಷ ಎಲ್ಲಿ ಏರುತ್ತಿದೆಯೋ ಅಲ್ಲಿ ನಿಲ್ಲಬೇಕು. ಹೋಗುವ ದಾರಿಯಲ್ಲಿ ‘ಐಬಿಲಿಂಕ್‌ಇನ್ಫೋ’ವನ್ನೂ ಒಮ್ಮೆ ನೋಡುವುದು ಲೇಸು: ಎರಡು ಸ್ವಿಚ್ಚುಗಳ ನಡುವೆ ನಾಲ್ಕು ಪಥಗಳಿಂದ ಒಂದಕ್ಕೆ ಕುಸಿದು, ಕಾಲುಭಾಗದ ವೇಗದಲ್ಲಿ ಕುಂಟುತ್ತಲೂ ‘ಆಕ್ಟಿವ್’ ಎಂದೇ ಹೇಳಿಕೊಳ್ಳುವ ಕೊಂಡಿ, ನಮ್ಮ ಯಂತ್ರದ ‘ಐಬಿಸ್ಟ್ಯಾಟ್’ಗೆ ಎಂದಿಗೂ ಕಾಣದ್ದು, ಅಲ್ಲಿ ಸಿಕ್ಕಿಬೀಳುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕೌಂಟರು ದೋಷದ್ದಲ್ಲ, ಕಾಯುವಿಕೆಯದು. ‘ಎಕ್ಸ್‌ಮಿಟ್ ವೇಟ್’ ಎಂದು ಅದರ ಹೆಸರು. ಇನ್ಫಿನಿಬ್ಯಾಂಡ್ ಪ್ಯಾಕೆಟ್ಟನ್ನು ನಡುದಾರಿಯಲ್ಲಿ ಚೆಲ್ಲದ ಜಾಲ: ಕಣಜದಲ್ಲಿ ಜಾಗವುಂಟೆಂದು ಮನೆಯಿಂದ ಹೇಳಿಕಳಿಸುವ ತನಕ ಗಾಡಿ ಕಣದಿಂದ ಹೊರಡದಂತೆ, ಎದುರು ಪೋರ್ಟು ಕ್ರೆಡಿಟ್ ಕೊಡುವ ತನಕ ಈ ಪೋರ್ಟು ಕಳಿಸುವುದಿಲ್ಲ. ಹಾಗೆ ನಿಂತ ಹೊತ್ತನ್ನೇ ಈ ಕೌಂಟರು ಎಣಿಸುತ್ತದೆ. ಸ್ವೀಕರಿಸಲು ತಡಮಾಡುವ ಒಂದೇ ಒಂದು ಯಂತ್ರದ ಮುಂದೆ ಸಾಲು ಬೆಳೆದು ಸ್ವಿಚ್ಚಿನೊಳಕ್ಕೂ, ಅಲ್ಲಿಂದ ಮೇಲಿನ ಸ್ವಿಚ್ಚಿಗೂ ಹಬ್ಬಿ, ಆ ಯಂತ್ರದೊಡನೆ ಯಾವ ಸಂಬಂಧವೂ ಇಲ್ಲದ ಇನ್ನೊಬ್ಬರ ಗಣನೆ ನಿಧಾನವಾಗುತ್ತದೆ. ದೋಷದ ಖಾತೆಗಳೆಲ್ಲ ಸೊನ್ನೆ, ಎಲ್ಲರೂ ‘ಆಕ್ಟಿವ್’, ಆದರೂ ಕೆಲಸ ಸಾಗದು. ಆಗ ಈ ಒಂದು ಎಣಿಕೆಯ ಏರಿಕೆಯನ್ನು ಪೋರ್ಟಿನಿಂದ ಪೋರ್ಟಿಗೆ ಹಿಂಬಾಲಿಸಿದವನಿಗೆ ಮೂಲದ ಯಂತ್ರ ದೊರೆಯುತ್ತದೆ; ಅನೇಕ ವೇಳೆ ಅದರ ತಪ್ಪು ಜಾಲದ್ದೇ ಅಲ್ಲ, ಮೇಲೆ ಹೇಳಿದ ಎಂಟು ಪಥಗಳ ಸ್ಲಾಟಿನದು.

ಇಷ್ಟೆಲ್ಲ ಬಲ್ಲವರೂ ಈಗ ತಮ್ಮ ರೂಢಿಯನ್ನು ಕೊಂಚ ತಿದ್ದಿಕೊಳ್ಳಬೇಕಾಗಿದೆ. 200 ಗಿಗಾಬಿಟ್ಟಿನ ಎಚ್‌ಡಿಆರ್ ಕೊಂಡಿಯಲ್ಲಿ ತಂತಿಯ ಮೇಲಿನ ಸಂಕೇತ ಎರಡು ಮಟ್ಟಗಳದ್ದಲ್ಲ, ನಾಲ್ಕು ಮಟ್ಟಗಳದ್ದು. ಮಟ್ಟಗಳ ನಡುವಣ ಅಂತರ ಮೂರನೆಯ ಒಂದು ಭಾಗಕ್ಕೆ ಇಳಿದಿರುವುದರಿಂದ ದೋಷ ಅಲ್ಲಿ ನಿತ್ಯದ ಸಂಗತಿ, ಅದನ್ನು ತಿದ್ದುವ ಗಣಿತವೂ ಕೊಂಡಿಯ ಅವಿಭಾಜ್ಯ ಅಂಗ. ಆದುದರಿಂದ ‘ಎಂಎಲ್‌ಎಕ್ಸ್‌ಲಿಂಕ್’ ಉಪಕರಣ ದೋಷಪ್ರಮಾಣವನ್ನು ತಿದ್ದುವ ಮೊದಲಿನದೆಂದೂ ತಿದ್ದಿದ ಮೇಲಿನದೆಂದೂ ಎರಡಾಗಿ ತೋರಿಸುತ್ತದೆ. ಮೊದಲನೆಯ ಅಂಕಿಯನ್ನು ಕಂಡು ಬೆಚ್ಚಿ ಸ್ವಸ್ಥವಾದ ಕೇಬಲನ್ನು ಕಿತ್ತುಹಾಕುವವರಿದ್ದಾರೆ. ಎರಡನೆಯದು ಮಾತ್ರ ಸಾಕೆಂದು ಮೊದಲನೆಯದನ್ನು ನೋಡದೆ ಬಿಡುವವರೂ ಇದ್ದಾರೆ. ಎರಡನ್ನೂ ವಾರವಾರ ಬರೆದಿಟ್ಟುಕೊಂಡು, ತಿದ್ದುವ ಮೊದಲಿನ ಪ್ರಮಾಣ ತನ್ನ ನೆರೆಯ ಕೊಂಡಿಗಳದ್ದಕ್ಕಿಂತ ಬೇಗ ಬೇಗ ಏರುತ್ತಿರುವ ಕೊಂಡಿಯನ್ನು ಗುರುತಿಸಿದರೆ, ಬಳಕೆದಾರನ ದೂರು ಬರುವುದಕ್ಕೆ ಮುಂಚೆಯೇ, ಯಂತ್ರಗಳು ಬಿಡುವಾಗಿರುವ ವೇಳೆ ನೋಡಿ, ಆ ಕೇಬಲನ್ನು ಬದಲಿಸಬಹುದು.